ಭಾವನಿಗೆ ಆರಿಸಿದ ದೋಣಿ

ಅವಳು ಯಾರ ಮೇಲೂ ಹಗೆ ಇಟ್ಟುಕೊಂಡವಳಲ್ಲ ಎಂದು ಅವಳು ಹೋದ ದಿನ ಮನೆಗೆ ಬಂದವರೊಬ್ಬರು ಹೇಳಿದರು. ಸುತ್ತ ಕೂತಿದ್ದವರು ತಲೆಯಾಡಿಸಿದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೂದಿ ಮುಚ್ಚಿ ಕೆಂಡ ಕಾಪಾಡುವ ಹಾಗೆ ತನ್ನ ಹಗೆಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದವಳು ಅವಳು. ಅವಳಿಂದ ಅದನ್ನೂ ಕಸಿದುಕೊಂಡು ಕಳಿಸುವುದು ನನಗೆ ಅನ್ಯಾಯವೆನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನ ಈಜುಕೊಳದಲ್ಲಿ ಅವಳು ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಮಕ್ಕಳು ಅವಳಿಗಿಟ್ಟ ಹೆಸರು ಸೀಟಿ ಟೀಚರ್. ದೊಡ್ಡವರ ಬಾಯಲ್ಲಿ ಅದು ಬರೀ ಸೀಟಿಯಾಯಿತು. ಸಣ್ಣ ಮೈ, ಅಗಲ ಭುಜ, ಕ್ಲೋರಿನ್ನಿಗೆ ಬಣ್ಣಗೆಟ್ಟ ಕೂದಲು. ನೀರಿಗೆ ಹೆದರಿ ಅಳುವ ಮಗುವನ್ನು ಅವಳು ರಮಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು, "ಅಳು, ಅಳು, ಕೊಳ ತುಂಬಲಿ. ಪಂಪಿನ ಕರೆಂಟು ಉಳಿಯುತ್ತೆ" ಎನ್ನುತ್ತಿದ್ದಳು. ನಡುವಯಸ್ಸಿನಲ್ಲಿ ಈಜು ಕಲಿಯಲು ಹೋದ ನನಗೂ ಅದನ್ನೇ ಹೇಳಿದಳು. ನಮ್ಮ ಗೆಳೆತನ ಶುರುವಾಗಿದ್ದು ಹಾಗೆ.

ಆ ಕೊಳದಲ್ಲಿ ಒಂದು ರೂಢಿಯಿತ್ತು. ಸೀಟಿ ಯಾರ ಕೊರಳಲ್ಲಿದೆಯೋ ಅವರು ನೀರಿನ ಅಂಚು ಬಿಟ್ಟು ಕದಲುವಂತಿಲ್ಲ. ಹೋಗಲೇಬೇಕಾದರೆ ಅದನ್ನು ಇನ್ನೊಬ್ಬರ ಕೊರಳಿಗೆ ಹಾಕಿ ಹೋಗಬೇಕು. ಒಂದು ಮಧ್ಯಾಹ್ನ ಕೊಳದ ಮ್ಯಾನೇಜರು ಅವಳ ಹತ್ತಿರ ಬಂದು, "ಗೇಟಿನ ಹತ್ತಿರ ಅತಿಥಿಗಳು ಬಂದಿದ್ದಾರೆ, ನೀನೇ ಹೋಗಿ ಕರ್ಕೊಂಡು ಬಾ. ಕೊಡಿಲ್ಲಿ, ನಾನು ನೋಡ್ಕೋತೀನಿ" ಎಂದರು. ಸೀಟಿಯನ್ನು ತಾವೇ ಕೊರಳಿಗೆ ಹಾಕಿಕೊಂಡರು. ಅವಳು ಅತಿಥಿಗಳೊಂದಿಗೆ ತಿರುಗಿ ಬರುವಷ್ಟರಲ್ಲಿ ಒಂದು ಹುಡುಗಿ ಆಳದ ಕಡೆಯ ತಳದಲ್ಲಿದ್ದಳು. ಬಟ್ಟೆ ಸಮೇತ ಹಾರಿ ಎತ್ತಿದವಳು ಇವಳೇ. ಮಗು ಬದುಕಿತು. ಮ್ಯಾನೇಜರು ಫೋನು ಹಿಡಿದು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದರು. ವಿಚಾರಣೆಯಲ್ಲಿ ಅವರು, "ಯಾರಿಗೂ ಹೇಳದೆ ಎದ್ದು ಹೋದಳು" ಎಂದರು. ಸೀಟಿ ಕೈಬದಲಾದದ್ದನ್ನು ನೋಡಿದ ದೊಡ್ಡವರು ಯಾರೂ ಇರಲಿಲ್ಲ.

ಆ ಮ್ಯಾನೇಜರು ಅವಳ ಸ್ವಂತ ಅಕ್ಕನ ಗಂಡ.

ಭಾವ ಮಾತಿನ ಮಲ್ಲ. ಕೋಣೆಯೊಳಗೆ ಬಂದರೆ ಕುರ್ಚಿಗಿಂತ ಮೊದಲು ಸಭೆಯನ್ನು ಹಿಡಿಯುವ ಜಾತಿ. ಅಕ್ಕ ನಂಬಿದಳು. ಅಮ್ಮ ನಂಬಿದರು. ಅಪ್ಪ ಅಂದಿನಿಂದ ಊಟದ ಹೊತ್ತಿಗೆ ಅವಳ ಮುಖ ನೋಡುವುದನ್ನು ಬಿಟ್ಟರು. ಹಾಗೇ ತೀರಿಕೊಂಡರು. "ಉಳಿದವರು ಬಯ್ದರು, ಮರೆತರು. ಅಪ್ಪ ನಂಬ್ಕೊಂಡೇ ಹೋಗಿಬಿಟ್ಟರು ಕಣೇ" ಎಂದು ಒಮ್ಮೆ ಮಾತ್ರ ನನ್ನೆದುರು ಹೇಳಿದ್ದಳು. ಅವಳಿಗೆ ಪರಿಹಾರ ಬೇಕಿರಲಿಲ್ಲ, ಕೆಲಸವೂ ಬೇಕಿರಲಿಲ್ಲ. ಅಕ್ಕನ ಬಾಯಿಂದ ಒಂದು ಮಾತು ಬರಬೇಕಿತ್ತು: ತಪ್ಪು ನಿನ್ನದಲ್ಲ.

ಕೆಲಸ ಹೋದ ಮೇಲೆ ಬಂದರಿನ ಹತ್ತಿರದ ಒಂದು ಡೈವಿಂಗ್ ಅಂಗಡಿಗೆ ಸೇರಿಕೊಂಡಳು. ಸಮುದ್ರದಿಂದ ಬಂದ ರಬ್ಬರ್ ಉಡುಪುಗಳನ್ನು ತೊಟ್ಟಿಯ ಸಿಹಿನೀರಿನಲ್ಲಿ ಅದ್ದಿ ಉಪ್ಪು ಬಿಡಿಸುವುದು, ಸಿಲಿಂಡರುಗಳಿಗೆ ಗಾಳಿ ತುಂಬಿಸುವುದು, ಹೊಸಬರಿಗೆ ನೀರಡಿ ಉಸಿರಾಡಲು ಕಲಿಸುವುದು. ನನಗೂ ಅವಳೇ ಕಲಿಸಿದಳು. ಅಲ್ಲಿ ಅವಳಿಗೆ ತುಂಬ ಹಿಡಿಸಿದ್ದು ಒಂದೇ. "ನೀರೊಳಗೆ ಯಾರ ಮಾತೂ ನಡೆಯಲ್ಲ. ಬಾಯಲ್ಲಿ ನಳಿಕೆ ಇರುತ್ತಲ್ಲ. ಬರೀ ಗುಳ್ಳೆ" ಎನ್ನುತ್ತಿದ್ದಳು.

ಹೀಗಿರುವಾಗ ಭಾವ ನಿವೃತ್ತರಾದರು. ಅದಕ್ಕೆ ಮುಂಚೆ ಯಾವುದೋ ರೆಸಾರ್ಟಿನಲ್ಲಿ ರಜೆ ಕಳೆಯುತ್ತ ಡೈವಿಂಗಿನ ಮೊದಲ ಪಾಠ ಮುಗಿಸಿ ಒಂದು ಕಾರ್ಡು ಪಡೆದಿದ್ದರು. ನೀರಿಗಿಳಿದದ್ದು ಬೆರಳೆಣಿಕೆಯಷ್ಟು ಸಲ. ಆದರೆ ನೆಂಟರ ಮದುವೆಮನೆಗಳಲ್ಲಿ ಅವರ ಜೊತೆ ಈಜಿದ ಶಾರ್ಕುಗಳು ವರ್ಷ ವರ್ಷ ಉದ್ದವಾಗುತ್ತಿದ್ದವು. ಈಗ ಅವರಿಗೆ ಲಿವ್‌ಅಬೋರ್ಡ್ ಹುಚ್ಚು ಹತ್ತಿತು. ಅಂದರೆ ವಾರಪೂರ್ತಿ ದೋಣಿಯಲ್ಲೇ ಉಂಡು, ಮಲಗಿ, ದ್ವೀಪದಿಂದ ದ್ವೀಪಕ್ಕೆ ಸಾಗುತ್ತ, ಹೋದಲ್ಲೆಲ್ಲ ನೀರಿಗಿಳಿಯುವ ಪ್ರವಾಸ. ಅಕ್ಕ ಫೋನು ಮಾಡಿದಳು. ಕಾರ್ಯಕ್ರಮಗಳಿಗೆ ಕರೆಯುವುದು ಬಿಟ್ಟರೆ ಅವಳು ಫೋನು ಮಾಡಿದ್ದು ಎಷ್ಟೋ ಕಾಲದ ಮೇಲೆ.

"ನಿನಗೆ ಗೊತ್ತಲ್ಲ ಇದೆಲ್ಲ. ಒಂದು ಒಳ್ಳೇ ದೋಣಿ ನೋಡಿ ಹೇಳೇ. ನಾನೂ ಹೋಗ್ತೀನಿ, ನನಗೂ ಕಲಿಸಿಬಿಡು."

"ಭಾವ ಒಪ್ಪಿದ್ರಾ, ನಾನು ನೋಡೋದಕ್ಕೆ?"

"ಅವರೇ ಹೇಳಿದ್ದು. ಹಳೇದೆಲ್ಲ ಮರೆತುಬಿಟ್ಟಿದ್ದಾರೆ ಕಣೇ, ದೊಡ್ಡ ಮನಸ್ಸು."

ಫೋನಿಟ್ಟ ಮೇಲೆ ಸೀಟಿ ತೊಟ್ಟಿಯಲ್ಲಿದ್ದ ಉಡುಪೊಂದನ್ನು ಎತ್ತಿ ಹಿಂಡಿದಳು. ಆ ರಬ್ಬರನ್ನು ಹಿಂಡಬಾರದು. ಹೊಸಬರು ಹಿಂಡಿದರೆ ಬಯ್ಯುತ್ತಿದ್ದವಳೇ ಅವಳು.

ಅಂಗಡಿಯ ಮೇಜಿನ ಮೇಲೆ ಮೂರು ದೋಣಿಗಳ ಬ್ರೋಷರುಗಳನ್ನು ಹರಡಿಕೊಂಡು ಕೂತೆವು. ಮೊದಲನೆಯದು ತೇಲುವ ಹೋಟೆಲು. ಅದರಲ್ಲಿ ಹೋಗುವವರು ಒದ್ದೆಯಾಗುವುದು ಸ್ನಾನದ ತೊಟ್ಟಿಯಲ್ಲಿ ಮಾತ್ರ. ಅದನ್ನು ಆಚೆ ಸರಿಸಿದಳು. ಎರಡನೆಯದು ದೂರದ ದ್ವೀಪಗಳಿಗೆ ಹೋಗುವ ಮರದ ದೋಣಿ. ಅಲ್ಲಿ ನೀರಡಿಯ ಸೆಳೆತ ಪಳಗಿದವರನ್ನೂ ಬಂಡೆಗೆ ಅಪ್ಪಳಿಸುವಂಥದು. ಅನುಭವ ಎಷ್ಟು ಎಂದು ಕೇಳುತ್ತಾರೆ. ನೀವು ಹೇಳಿದ್ದನ್ನು ನಂಬುತ್ತಾರೆ. ಮೂರನೆಯದು ಹಳೆಯ ಉಕ್ಕಿನ ದೋಣಿ. ಅದರ ಮುಖ್ಯ ಗೈಡ್ ಒಬ್ಬ ಕುಳ್ಳ ಹೆಂಗಸು. ಬಂದರಿನವರೆಲ್ಲ ಅವಳನ್ನು ಕರೆಯುವುದು ಹೆಡ್‌ಮಿಸ್ ಎಂದೇ. ಮೊದಲ ಬೆಳಗ್ಗೆ ಆಳವಿಲ್ಲದ ಮರಳಿನ ಮೇಲೆ ಪ್ರತಿಯೊಬ್ಬರನ್ನೂ ಪರೀಕ್ಷಿಸುತ್ತಾಳೆ. ಪಾಸಾಗದವರು ವಾರವಿಡೀ ದೋಣಿಯ ಮೇಲೆಯೇ.

"ಎರಡನೇದಕ್ಕೆ ಹತ್ತಿಸು" ಎಂದೆ ನಾನು. "ಅವನ ಬಾಯೇ ಅವನನ್ನ ನೀರಿಗಿಳಿಸುತ್ತೆ. ಮಿಕ್ಕಿದ್ದು ಸಮುದ್ರ ನೋಡ್ಕೊಳ್ಳುತ್ತೆ. ಅಕ್ಕನಿಗೆ ಮಾತ್ರ ಕಿವಿನೋವು ಅಂತ ಹೇಳಿ ಮೇಲೇ ಕೂರಿಸು." ತಮಾಷೆಗೆ ಹೇಳಿದ ಮಾತಲ್ಲ. ಇಂದಿಗೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಅವಳು ನಗಲಿಲ್ಲ. ಎರಡನೆಯ ಬ್ರೋಷರನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದಳು. ಆ ದೋಣಿಯಲ್ಲಿ ಜಾಗ ಇದೆಯೇ ಎಂದು ವಿಚಾರಿಸಿದ್ದಳೆಂದು ಅಂಗಡಿಯವನಿಂದ ಆಮೇಲೆ ತಿಳಿಯಿತು. ಜಾಗ ಇತ್ತು. ಆ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದಳು. ಕೊನೆಗೆ ಒಂದು ಬೆಳಗ್ಗೆ ಬಂದು ಮೂರನೆಯ ದೋಣಿಗೆ ನಾಲ್ವರ ಹೆಸರು ಬರೆಸಿದಳು: ಅಕ್ಕ, ಭಾವ, ಅವಳು, ನಾನು.

"ಯಾಕೆ?" ಎಂದೆ.

"ಸತ್ತವನು ಸುಳ್ಳುಗಾರ ಆಗಲ್ಲ ಕಣೇ. ಸತ್ತ ದಿನವೇ ದೇವರಾಗಿಬಿಡ್ತಾನೆ. ಅಕ್ಕ ಅವನ ಫೋಟೋ ಒರೆಸಿಕೊಂಡು ಕೂರ್ತಾಳೆ. ನನಗೆ ಅವನು ಬದುಕಿರಬೇಕು, ಅಕ್ಕನ ಎದುರಿಗೇ ಇರಬೇಕು, ಎದ್ದು ಹೋಗೋಕೆ ಬಾಗಿಲು ಇರಬಾರದು."

ಹೊರಡುವ ಮುನ್ನ ಅಕ್ಕನಿಗೆ ಅವಳೇ ಕಲಿಸಿದಳು. ಎಲ್ಲಕ್ಕಿಂತ ಹೆಚ್ಚು ತಿದ್ದಿದ್ದು ಜೋಡಿ ತಪಾಸಣೆಯನ್ನು. ಡೈವಿಂಗಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರುತ್ತಾನೆ. ನೀರಿಗೆ ಹಾರುವ ಮೊದಲು ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಿ, ಎಳೆದು ನೋಡಬೇಕು: ಜಾಕೆಟ್ಟು, ಮೈ ತೇಲದಂತೆ ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟು, ಬಕಲು, ಗಾಳಿ. ಅಕ್ಕ ಶ್ರದ್ಧೆಯ ಹೆಂಗಸು. ಮನೆಗೆ ಬೀಗ ಹಾಕಿ ಮತ್ತೆ ಹಿಂದೆ ಬಂದು ಜಗ್ಗಿ ನೋಡುವವಳು. ಈ ಪಾಠ ಅವಳ ಕೈಗೆ ಬೇಗ ಕೂತಿತು.

ದೋಣಿ ಹತ್ತುವಾಗ ಎಲ್ಲರ ಚಪ್ಪಲಿಗಳನ್ನು ಒಂದು ಬುಟ್ಟಿಗೆ ಹಾಕಿಸಿಕೊಂಡರು. ಇನ್ನು ವಾರವಿಡೀ ಬರಿಗಾಲು. ಹಿಂಭಾಗದ ಡೆಕ್ಕಿನಲ್ಲಿ ಬೆಂಚುಗಳು, ಬೆಂಚಿನ ಹಿಂದೆ ಸಾಲು ಸಿಲಿಂಡರುಗಳು, ಕೆಳಗೆ ಒಬ್ಬೊಬ್ಬರ ಸಾಮಾನಿಗೆ ಒಂದೊಂದು ಪ್ಲಾಸ್ಟಿಕ್ ಪೆಟ್ಟಿಗೆ. ಊಟಕ್ಕೆ ಒಂದೇ ಉದ್ದನೆಯ ಮೇಜು. ಮೊದಲ ಸಂಜೆಯೇ ಭಾವ ಅದರ ತಲೆಯ ಕಡೆ ಕೂತು, "ನಾನು ಇಳಿಯದ ಸಮುದ್ರ ಇಲ್ಲ ಬಿಡಿ" ಎಂದು ಶುರು ಮಾಡಿದರು. ಹೆಡ್‌ಮಿಸ್ ಊಟ ಮಾಡುತ್ತ ಕೇಳಿಸಿಕೊಂಡಳು. "ಒಳ್ಳೇದಾಯ್ತು. ಹಾಗಾದ್ರೆ ನಾಳೆ ನೀವೇ ಮೊದಲು ಇಳೀರಿ" ಎಂದಳಷ್ಟೆ.

ಬೆಳಗ್ಗೆ ಗಂಟೆ ಬಾರಿಸಿದಾಗ ನಾನು ಗಮನಿಸಿದ್ದು ಸೀಟಿಯ ಕೈಗಳನ್ನು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಕ್ಕ ಭಾವನ ಬೆಂಚಿನಿಂದ ಆದಷ್ಟು ದೂರ, ಏಣಿಯ ಹತ್ತಿರ ನಿಂತಿದ್ದಳು. ದೋಣಿ ಹತ್ತಿದಾಗಿನಿಂದ ಅವರ ಸಾಮಾನಿನ ಒಂದು ಪಟ್ಟಿಯನ್ನೂ ಅವಳು ಮುಟ್ಟಿರಲಿಲ್ಲ. ಅಕ್ಕ ಕರೆದರೂ, "ಅವರು ನಿನ್ನ ಜೋಡಿ, ನೀನೇ ನೋಡು" ಎಂದಳು. ಅಕ್ಕ ಕ್ರಮವಾಗಿ ಮುಟ್ಟುತ್ತ ಬಂದು, ಭಾವನ ಸೀಸದ ಬೆಲ್ಟನ್ನು ಎಳೆದು, ಮತ್ತೊಮ್ಮೆ ಎಳೆದಳು.

"ಸಾಕು ಮಾರಾಯ್ತಿ, ಎಮ್ಮೆ ಕೊಳ್ಳೋಕೆ ಬಂದವಳ ಹಾಗೆ ತಡವಬೇಡ" ಎಂದರು ಭಾವ. ಎಲ್ಲರೂ ನಕ್ಕರು.

ಕೆಳಗೆ ಮರಳಿನ ಮೇಲೆ ಅರ್ಧವೃತ್ತದಲ್ಲಿ ಮೊಣಕಾಲೂರಿ ಕೂತೆವು. ಹೆಡ್‌ಮಿಸ್ ಭಾವನಿಗೆ ಸನ್ನೆ ಮಾಡಿದಳು: ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳಿ. ಅವರು ತೆಗೆದರು. ಮೂಗಿಗೆ ನೀರು ಹೋಯಿತು. ಕೈಕಾಲು ಬಡಿಯುತ್ತ ಮೈಮೇಲೆ ಸಿಕ್ಕಿದ್ದನ್ನೆಲ್ಲ ಪರಚಿದರು. ಸೊಂಟದ ಬಕಲು ಕಿತ್ತುಬಂತು, ಸೀಸ ಮರಳಿಗೆ ಬಿತ್ತು, ಭಾವ ಬಾಟಲಿಯ ಬಿರಡೆಯ ಹಾಗೆ ಮೇಲಕ್ಕೆ ಹಾರಿದರು. ಹೆಡ್‌ಮಿಸ್ ಅವರ ಕಾಲು ಹಿಡಿದು ವೇಗ ತಗ್ಗಿಸಿದಳು. ಆಳವಿಲ್ಲದ್ದರಿಂದ ಏನೂ ಆಗಲಿಲ್ಲ. ನಾನು ಸೀಟಿಯ ಕಡೆ ನೋಡಿದೆ. ಅವಳು ಭಾವನನ್ನು ನೋಡುತ್ತಲೇ ಇರಲಿಲ್ಲ. ಅಕ್ಕನನ್ನು ನೋಡುತ್ತಿದ್ದಳು.

ತಿಂಡಿಯ ಮೇಜಿನಲ್ಲಿ ಹೆಡ್‌ಮಿಸ್, "ಈ ವಾರ ನೀವು ಮೇಲೇ ಇರ್ತೀರಿ ಸಾರ್" ಎಂದಳು. ಭಾವ ಟವೆಲು ಹೊದ್ದುಕೊಂಡು ಕೂತಿದ್ದರು. ಧ್ವನಿ ಆಗಲೇ ವಾಪಸ್ಸು ಬಂದಿತ್ತು.

"ಬೆಲ್ಟು ಬಿಚ್ಚಿಹೋದರೆ ಯಾರಾದ್ರೂ ಹೀಗೇ. ಕಟ್ಟಿದವರನ್ನ ಕೇಳಿ." ಮೇಜಿನ ಆಚೆ ತುದಿಗೆ ಬೆರಳು ತೋರಿಸಿದರು. "ನಮ್ಮ ನಾದಿನಿ. ಬೆಳಗ್ಗೆ ನನ್ನ ಬೆಲ್ಟು ಸರಿಮಾಡಿದ್ದು ಇವಳೇ. ಈಜುಕೊಳದಲ್ಲೂ ಹೀಗೇ, ಒಂದು ಮಗುವನ್ನ ಬಿಟ್ಟು ಎದ್ದು ಹೋದವಳು. ನಾನು ಅವತ್ತೇ ಹೇಳಿದ್ದೆ, ಇವಳಿಗೆ ಜವಾಬ್ದಾರಿ ಇಲ್ಲ ಅಂತ."

ಸೀಟಿ ಟೀ ಕುಡಿದಳು. ಅವನು ತಪ್ಪನ್ನು ಅಕ್ಕನ ಮೇಲೆ ಹಾಕುತ್ತಾನೆ ಎಂದು ಅವಳು ಲೆಕ್ಕ ಹಾಕಿದ್ದಳು. ಅವಳನ್ನೇ ದೂರುವ ಹಳೆಯ ಚಾಳಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡಿತ್ತು.

"ನೀರಿಗಿಳಿಯೋ ಮುಂಚೆ ತಪಾಸಣೆ ಮಾಡಿದ್ದು ಯಾರು?" ಎಂದಳು ಹೆಡ್‌ಮಿಸ್.

ಅಕ್ಕ ಬ್ರೆಡ್ಡಿನ ಚೂರನ್ನು ತಟ್ಟೆಗಿಟ್ಟಳು. "ನಾನು. ಅವಳು ಹತ್ತಿರಕ್ಕೂ ಬಂದಿಲ್ಲ."

"ನಿನಗೆ ನೆನಪಿಲ್ಲ ಕಣೇ, ನೀನು ನಿನ್ನ ಗಡಿಬಿಡಿಯಲ್ಲಿ..."

"ಇವತ್ತು ಬೆಳಗ್ಗೆದು ರೀ. ನಾನೇ ಎಳೆದು ನೋಡಿದೆ. ನೀವು ಎಮ್ಮೆ ಅಂದ್ರಿ, ಎಲ್ಲಾ ನಕ್ಕರು. ಇವರನ್ನೇ ಕೇಳಿ."

ಯಾರೂ ನಗಲಿಲ್ಲ. ಭಾವ ಬಾಯಿ ತೆರೆದರು, ಅದರಿಂದ ಏನೂ ಬರಲಿಲ್ಲ. ಇಷ್ಟು ವರ್ಷ ಸಭೆ ಆಳಿದ ಬಾಯಿ ಅದು. ನಾನು ಕಣ್ಣು ತಿರುಗಿಸಲಿಲ್ಲ, ತೃಪ್ತಿಯಾಗುವಷ್ಟು ಹೊತ್ತು ನೋಡಿದೆ. ಅವರು ಎದ್ದು ಮೇಲಿನ ಡೆಕ್ಕಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಅದೇ ಮೇಜಿಗೆ ಬರಬೇಕಾಯಿತು. ರಾತ್ರಿಯೂ. ಮರುದಿನವೂ. ಸುತ್ತ ನೀರು. ಜನ ಮರ್ಯಾದೆಯಿಂದಲೇ ನೀರಿನ ಜಗ್ಗು ಈಚೆ ಕೊಡಿ ಎನ್ನುತ್ತಿದ್ದರು. ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಆ ತಿಂಡಿ ಮುಗಿದ ಸ್ವಲ್ಪ ಹೊತ್ತಿಗೆ ಅಕ್ಕ ತಲೆದಿಂಬು ಹಿಡಿದುಕೊಂಡು ನಮ್ಮ ಕ್ಯಾಬಿನ್ನಿನ ಬಾಗಿಲಿಗೆ ಬಂದಳು. ಒಳಗೆ ಕೂರಲು ಜಾಗವಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅವತ್ತು ಸೀಟಿ ಇವರೇ ಇಸ್ಕೊಂಡಿದ್ರಾ?"

"ಹೂಂ."

"ಕೊರಳಿಗೆ ಹಾಕ್ಕೊಂಡಿದ್ರಾ?"

"ಹೂಂ."

ಅಕ್ಕ ಹೊಸ್ತಿಲಲ್ಲೇ ಕೂತಳು. "ನಡೆದದ್ದೇನು ಅಂತ ನಿನ್ನನ್ನ ನಾನು ಯಾವತ್ತೂ ಕೇಳಲೇ ಇಲ್ವಲ್ಲೇ. ತಪ್ಪು ನಿಂದಲ್ಲ ಕಣೇ. ನಿಂದಲ್ಲ." ದಿಂಬಿಗೆ ಮುಖ ಒತ್ತಿ ಅಳತೊಡಗಿದಳು.

ಇಷ್ಟು ಕಾಲ ಕಾದಿದ್ದ ಮಾತು ಬಂದಾಗ ಸೀಟಿ ಅಕ್ಕನನ್ನು ತಬ್ಬಿಕೊಳ್ಳಬಹುದೆಂದು ನಾನು ಎಣಿಸಿದ್ದೆ. ಅವಳು ತಬ್ಬಲಿಲ್ಲ. ಹೊರಗೆ ಎರಡನೆಯ ಡೈವಿನ ಗಂಟೆ ಬಾರಿಸಿತು.

"ನನಗೆ ಹೇಳಿದ್ದು ಸಾಲದು" ಎಂದಳು. "ಊರಿಗೆ ಹೋಗಿ ಅಮ್ಮನಿಗೆ ಹೇಳು. ಯಾರ್ಯಾರಿಗೆ ಅವನ ಮಾತು ತಲುಪಿಸಿದ್ಯೋ ಅವರಿಗೆಲ್ಲ ಹೇಳು. ಅಪ್ಪನಿಗೆ ಹೇಳೋಕಾಗಲ್ಲ. ಅದಕ್ಕೆ ಮಾತ್ರ ನಿನ್ನ ಹತ್ತಿರ ದಾರಿ ಇಲ್ಲ, ನನ್ನ ಹತ್ತಿರಾನೂ ಇಲ್ಲ." ಅಕ್ಕನ ಕಾಲುಗಳನ್ನು ದಾಟಿ ನಡೆದಳು, ಉಡುಪು ಏರಿಸಿಕೊಂಡು ನೀರಿಗಿಳಿದಳು. ಆ ದಿನ ಬಂಡೆಯ ಅಂಚಿನಲ್ಲಿ ನಾವು ಒಂದು ದೊಡ್ಡ ಆಮೆಯನ್ನು ಕಂಡೆವು. ಮಾಸ್ಕಿನೊಳಗೆ ಅವಳ ಕಣ್ಣುಗಳು ಮಗುವಿನವು. ಮೇಲೆ ಅಕ್ಕ ಅಳುತ್ತಿದ್ದದ್ದು ಅವಳಿಗೆ ನೆನಪಿರಲಿಲ್ಲವೆಂದು ಹೇಳಲಾರೆ. ನೆನಪಿದ್ದದ್ದರಿಂದಲೇ ಅಷ್ಟು ಖುಷಿಯಾಗಿದ್ದಳೆಂದು ನನ್ನ ಅನುಮಾನ.

ಅಕ್ಕ ಊರಿಗೆ ಹೋಗಿ ಹೇಳಿದಳು. ಒಂದೊಂದೇ ಮನೆಗೆ ಹೋಗಿ, ಕೂತು, ಹೇಳಿದಳು. ಭಾವ ಅದೇ ಮನೆಯಲ್ಲೇ ಇದ್ದಾರೆ. ಅಕ್ಕ ಊಟ ಬಡಿಸುತ್ತಾಳೆ. ಮದುವೆಮನೆಗಳಲ್ಲಿ ಶಾರ್ಕುಗಳು ಈಗ ಕಾಣಿಸುವುದಿಲ್ಲ.

ಮುಂದಿನ ಡೈವಿಂಗ್ ಋತು ಬರುವ ಮುಂಚೆಯೇ ಸೀಟಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯಲ್ಲಿ ಹಗಲೆಲ್ಲ ಅಕ್ಕನೇ ಇರುತ್ತಿದ್ದಳು. ಸೀಟಿ ಅವಳ ಕೈಯಿಂದ ನೀರು ಕುಡಿಯುತ್ತಿದ್ದಳು, ಬೆನ್ನು ಒರೆಸಿಕೊಳ್ಳುತ್ತಿದ್ದಳು. ಕ್ಷಮಿಸಿದ್ದೇನೆ ಎಂಬ ಮಾತನ್ನು ಮಾತ್ರ ಆಡಲಿಲ್ಲ. ಒಮ್ಮೆ ನಾನೇ, ಆ ಮಾತು ಹೇಳಿಬಿಟ್ಟರೆ ಅಕ್ಕನಿಗೆ ಹಗುರವಾಗುತ್ತದೆ ಎಂದೆ. "ಅವಳಿಗೆ ಹಗುರ ಆಗೋದು ಬೇಡ" ಎಂದಳು. "ಸ್ವಲ್ಪ ಹೊತ್ತುಕೊಂಡಿರಲಿ. ನಾನು ಹೊತ್ತಿಲ್ವಾ?" ಆಮೇಲೆ ಅಕ್ಕನನ್ನು ಕರೆದು ದಿಂಬು ಸರಿಮಾಡಿಸಿಕೊಂಡಳು.

ಕೊನೆಯ ವಾರದ ಒಂದು ಮಧ್ಯಾಹ್ನ ಅಕ್ಕ ಅವಳ ಕಾಲಿನ ಉಗುರು ಕತ್ತರಿಸುತ್ತಿದ್ದಳು. ನಾನು ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದೆ. ಬಾಗಿಲಿನ ಗಾಜಿನಾಚೆ ಹಣ್ಣಿನ ಚೀಲ ಹಿಡಿದ ಭಾವ ಕಾಣಿಸಿದರು. ನರ್ಸ್ ಒಳಗೆ ತಲೆ ಹಾಕಿದಳು.

"ಹೊರಗೆ ಒಬ್ಬರು ಬಂದಿದ್ದಾರೆ. ಮನೆಯವರನ್ನ ಮಾತ್ರ ಬಿಡೋದು ಈಗ. ನಿಮ್ಮ ಕಡೆಯವರಾ?"

ಅಕ್ಕ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಆಮೇಲೆ ತಂಗಿಯ ಮುಖ ನೋಡಿದಳು. ಸೀಟಿ ಕಣ್ಣು ಮುಚ್ಚಿಕೊಂಡೇ ಇದ್ದಳು, ಆದರೆ ಎಚ್ಚರವಿದ್ದಳು.

"ಅಲ್ಲ" ಎಂದಳು ಅಕ್ಕ, ಇನ್ನೊಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.