ಆರು ಎಸ್ಕುಡೊ, ಒಂದು ನಯಾ ಪೈಸೆ

2017ರಲ್ಲಿ ಸೊರಬದ ಸಿವಿಲ್ ನ್ಯಾಯಾಲಯ ಒಂದು ಮನೆಯ ದಾವೆಯಲ್ಲಿ ನನ್ನನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿತು. ನಾನು ವಕೀಲಿ ಮಾಡುತ್ತಿದ್ದದ್ದು ಶಿಕಾರಿಪುರದಲ್ಲಿ. ಸೊರಬದ ವಕೀಲರಲ್ಲಿ ಯಾರನ್ನು ಹಾಕಿದರೂ ಒಂದಲ್ಲ ಒಂದು ಪಕ್ಷದವರಿಗೆ ಅನುಮಾನ. ಹಾಗಾಗಿ ಪಕ್ಕದ ತಾಲ್ಲೂಕಿನವನು ಬೇಕಾಗಿತ್ತು. ಕಾನೂನು ಓದುವ ಮೊದಲು ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ ಎಂಬುದನ್ನೂ ಯಾರೋ ಹೇಳಿದ್ದರಂತೆ. ಕಮಿಷನರ್ ಎಂಬ ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಕಿಲ್ಲ. ನ್ಯಾಯಾಧೀಶರು ಎದ್ದು ಹೋಗಿ ನೋಡಲಾಗದ ಜಾಗಕ್ಕೆ ಅವರ ಪರವಾಗಿ ಹೋಗಿ, ಎರಡೂ ಪಕ್ಷದವರ ಎದುರು ಕಂಡದ್ದನ್ನು ಬರೆದು ಒಪ್ಪಿಸುವ ತಾತ್ಕಾಲಿಕ ಕೆಲಸ ಅದು. ತೀರ್ಮಾನ ಹೇಳುವ ಅಧಿಕಾರ ಅವನಿಗಿಲ್ಲ. ಕಂಡದ್ದರಲ್ಲಿ ಯಾವುದನ್ನೂ ಬಿಡುವ ಅಧಿಕಾರವೂ ಇಲ್ಲ.

ಇದನ್ನು ಬರೆಯುವಾಗ ಆ ವರ್ಷದ ನನ್ನ ದಿನಚರಿಯನ್ನು ತೆಗೆದು ನೋಡಿದೆ. ಅದರಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು ನನಗೆ ನೆನಪಿದೆ. ಅದೇ ನನಗೆ ಅಳುಕು. ಆಮೇಲೆ ಆದದ್ದನ್ನೆಲ್ಲ ತಿಳಿದ ಮನಸ್ಸು ಹಿಂದಿನದಕ್ಕೆ ಬಣ್ಣ ಬಳಿಯದೆ ಇರುವುದಿಲ್ಲ. ನನಗೆ ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲವೆಂದೇ ಹೇಳುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಮನೆ ಆನವಟ್ಟಿಯಲ್ಲಿತ್ತು, ಸಂತೆಗೆ ಹೋಗುವ ಬೀದಿಯಲ್ಲಿ. ಅದರ ಮುಂದಿನ ಕೋಣೆಯಲ್ಲಿ ಲಲಿತಮ್ಮ ಎಂಬುವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಂದೆ ಇರುವಾಗಲೇ ಗಿರಣಿ ಹಾಕಿಸಿಕೊಂಡವರು. ಸುತ್ತಲ ಹಳ್ಳಿಯವರು ಸಂತೆಗೆ ಬರುವಾಗ ಜೋಳ, ರಾಗಿ ಇಳಿಸಿ ಹೋಗಿ, ಮರಳುವಾಗ ಹಿಟ್ಟು ಒಯ್ಯುತ್ತಿದ್ದರು. ಆ ಜಾಗ ಬಿಟ್ಟರೆ ಆ ಗಿರಣಿಗೆ ಬೆಲೆಯಿರಲಿಲ್ಲ.

ದಾವೆ ಹೂಡಿದವರು ಲಲಿತಮ್ಮನ ದೊಡ್ಡಪ್ಪನ ಮಕ್ಕಳು. ಅವರ ಪರವಾಗಿ ಓಡಾಡುತ್ತಿದ್ದವನು ಬಸವರಾಜ; ಬಳ್ಳಿಗಾವಿಯ ಆಚೆಯ ಹಳ್ಳಿಯಲ್ಲಿ ಹೊಲ, ಕುರಿ ನೋಡಿಕೊಂಡಿದ್ದ. ಮನೆ ಒಟ್ಟು ಕುಟುಂಬದ ಆಸ್ತಿ, ಅರ್ಧ ತಮಗೆ ಸೇರಬೇಕು ಎಂಬುದು ಅವರ ವಾದ. ಖಾತೆ ದೊಡ್ಡಪ್ಪನ ಹೆಸರಿನಲ್ಲೇ ಇತ್ತು. ಮನೆ ಕಟ್ಟಲು ಕುಟುಂಬದ ಕುರಿಮಂದೆಯನ್ನು ಮಾರಿದರು ಎಂದು ಇಬ್ಬರು ಹಿರಿಯರು ಸಾಕ್ಷಿ ನುಡಿದಿದ್ದರು. ಲಲಿತಮ್ಮ ಹೇಳುವುದೇ ಬೇರೆ. ಅವರ ತಂದೆ ನಿಂಗಪ್ಪ ಗೋವಾದ ಅದಿರಿನ ಗಣಿಯಲ್ಲಿ ದುಡಿದು, ಅಲ್ಲಿಂದ ಹಣ ಕಳಿಸಿ, 1960ರಲ್ಲಿ ಕಟ್ಟಿಸಿದ ಮನೆ ಅದು. ಹಾಗಿದ್ದರೆ ಅದು ಸ್ವಯಾರ್ಜಿತ, ಅಂದರೆ ಒಬ್ಬನ ಸ್ವಂತ ದುಡಿಮೆಯ ಆಸ್ತಿ. ಅಣ್ಣನ ಮಕ್ಕಳಿಗೆ ಪಾಲಿಲ್ಲ. ಆದರೆ ಖಾತೆ ಹಿರಿಯರ ಹೆಸರಿನಲ್ಲಿದ್ದು, ಒಟ್ಟು ಕುಟುಂಬಕ್ಕೆ ವರಮಾನವೂ ಇದ್ದಾಗ, ಸ್ವಯಾರ್ಜಿತ ಎಂದು ಸಾಬೀತು ಮಾಡುವ ಹೊರೆ ಹಾಗೆ ಹೇಳುವವರ ಮೇಲೆಯೇ ಬೀಳುತ್ತದೆ.

ಲಲಿತಮ್ಮನ ಬಳಿ ಪುರಾವೆಯೆಂದು ಇದ್ದದ್ದು ಒಂದೇ ಒಂದು ನೋಟು. ಅರವತ್ತು ಎಸ್ಕುಡೊ. ಮೇಲೆ ಉದ್ದ ಗಡ್ಡದ, ಟೋಪಿ ತೊಟ್ಟ ಪೋರ್ಚುಗೀಸನ ಚಿತ್ರ. ಹರಿಯದಿರಲೆಂದು ಲ್ಯಾಮಿನೇಟ್ ಮಾಡಿಸಿದ್ದರು. ಇಲ್ಲಿ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಅಲ್ಲಿನ ಹಣವನ್ನೂ ರೂಪಾಯಿ ಎಂದೇ ಕರೆಯುತ್ತಿದ್ದರು. 1959ರ ಆರಂಭದಿಂದ ಅದನ್ನು ತೆಗೆದು ಎಸ್ಕುಡೊ ಎಂಬ ಹಣ ತಂದರು. ಹಳೆಯ ಒಂದು ರೂಪಾಯಿಗೆ ಆರು ಎಸ್ಕುಡೊ. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತು, ಎಸ್ಕುಡೊ ಹೋಗಿ ನಮ್ಮ ರೂಪಾಯಿ ಬಂತು. ಹುಟ್ಟಿ ಮೂರು ವರ್ಷವಾಗುವಷ್ಟರಲ್ಲಿ ಸತ್ತ ಹಣ. ಆಗ ಗಡಿ ದಾಟುವುದು ಸುಲಭವಿರಲಿಲ್ಲ, ಆದರೂ ಕೂಲಿಗೆಂದು ಕಾಡುದಾರಿಯಲ್ಲಿ ದಾಟಿದವರಿದ್ದರು ಎಂದು ಹಿರಿಯರು ಹೇಳುತ್ತಾರೆ.

ಎದುರು ಪಕ್ಷದ ವಕೀಲರು ಆ ನೋಟನ್ನು ನೋಡಿ, ಇಂಥದ್ದು ಈಗ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ತರಿಸಬಹುದು ಎಂದು ಪಕ್ಕಕ್ಕಿಟ್ಟರಂತೆ. ಆಗ ಲಲಿತಮ್ಮ ಸಾಕ್ಷಿಯ ಕಟಕಟೆಯಲ್ಲೇ ನಿಂತು ತಮ್ಮ ವಕೀಲರಿಗೂ ಹೇಳಿರದ ಮಾತು ಹೇಳಿದರು: "ಹೊಸ್ತಿಲ ಕೆಳಗೆ ಗೋವೆ ದುಡ್ಡು ಐತೆ. ನಮ್ಮವ್ವ ಕೈಯಾರೆ ಇಟ್ಟಿದ್ದು. ತೆಗೆಸಿ ನೋಡ್ರಿ."

ಮನೆಗೆ ಹೊಸ್ತಿಲು ಕೂರಿಸುವಾಗ ಅಡಿಯಲ್ಲಿ ನವಧಾನ್ಯ, ಅರಿಸಿನದ ಕೊನೆ, ದುಡ್ಡು ಇಡುವುದು ನಮ್ಮ ಕಡೆ ಇದ್ದದ್ದೇ. ಒಮ್ಮೆ ಕೂರಿಸಿದ ಹೊಸ್ತಿಲನ್ನು ಯಾರೂ ಎಬ್ಬಿಸುವುದಿಲ್ಲ. ಹೊಸ್ತಿಲು ಅಲುಗಾಡಿಲ್ಲವೆಂದು ಖಚಿತವಾದರೆ, ಅದರ ಕೆಳಗಿನ ನಾಣ್ಯವನ್ನು ಈಚೆಗೆ ತಂದಿಟ್ಟದ್ದು ಎನ್ನಲಾಗದು. ಆಕೆಯ ವಕೀಲರು ಅಂದೇ ಅರ್ಜಿ ಹಾಕಿದರು. ಹಾಗೆ ನನ್ನ ನೇಮಕವಾಯಿತು.

ನಾನು ಶಿಕಾರಿಪುರದಿಂದ ಬೈಕಿನಲ್ಲಿ ಹೋದೆ. ಜಡಿ ಮಳೆಯಲ್ಲಿ ಹೋದ ಹಾಗೆ ನೆನಪು. ದಿನಚರಿಯಲ್ಲಿ "ಬಿಸಿಲು" ಎಂದಿದೆ. ಗಿರಣಿ ನಿಲ್ಲಿಸಿದ್ದರು. ಲಲಿತಮ್ಮ ಹೊಸ್ತಿಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಇನ್ನು ನಿಮ್ಮ ಕೆಲಸ ಎನ್ನುವಂತೆ ಬದಿಗೆ ಸರಿದರು. ಗಾರೆ ಕೆಲಸದ ಹನುಮಂತಪ್ಪ ಹಾರೆ ಹಿಡಿದು ನಿಂತವನು ಮಾತ್ರ ಅಲುಗಲಿಲ್ಲ.

"ಹೊಸ್ತಿಲು ಎಬ್ಬಿಸಿದ ಪಾಪ ಕೋರ್ಟಿಗೆ ಹೋಗ್ಲಿ, ನಂಗೆ ಬ್ಯಾಡ. ಹಂಗಂತ ಬರ್ಕಳ್ರಿ ಸರ್, ಆಮೇಲೆ ಹಾರೆ ಹಾಕ್ತೀನಿ."

ಬರೆದುಕೊಂಡೆ. ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಎಲ್ಲರ ಸಹಿ ಪಡೆದು ಬರೆಯುವ ವರದಿಯಲ್ಲಿ, ಅದು ಈಗಲೂ ಇರಬೇಕು.

ಬಸವರಾಜ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ. "ಅಕ್ಕಾ, ಬಂಗಾರ ಗಿಂಗಾರ ಸಿಕ್ತಂದ್ರ ಅದ್ರಾಗೂ ಅರ್ಧ ನಮ್ದೇ ಐತಿ ನೋಡು" ಎಂದ.

"ನಿಮ್ಮಪ್ಪ ಏನಾರ ಇಟ್ಟಿದ್ರೆ ಕುರಿ ಹಿಕ್ಕೆ ಇಟ್ಟಿರ್ತಾನೆ" ಎಂದರು ಲಲಿತಮ್ಮ. "ಅದ್ನ ಪೂರ್ತಿ ನೀನೇ ತಗಳಪ್ಪ."

ಎರಡೂ ಕಡೆಯ ವಕೀಲರು ನಕ್ಕರು. ಬಸವರಾಜನೂ ನಕ್ಕ. ಆ ಹೊತ್ತಿನಲ್ಲಿ ಅವರಿಬ್ಬರೂ ಒಂದೇ ಮನೆಯವರು ಎನ್ನುವುದು ಅವರ ಹಲ್ಲುಗಳನ್ನು ನೋಡಿದರೇ ತಿಳಿಯುತ್ತಿತ್ತು.

ಹಾರೆ ಹಾಕುವ ಮೊದಲು ನಾನು ಕಲ್ಲಿನ ಸುತ್ತ ಗಾರೆಯನ್ನು ಪರೀಕ್ಷಿಸಿದೆ. ಹಳೆಯ ಸುಣ್ಣದ ಗಾರೆ, ಎಲ್ಲೂ ಬಿರುಕಿಲ್ಲ, ಸಿಮೆಂಟಿನ ತೇಪೆಯಿಲ್ಲ. ಕೂರಿಸಿದಂದಿನಿಂದ ಈ ಹೊಸ್ತಿಲನ್ನು ಎಬ್ಬಿಸಿದ ಗುರುತು ಇಲ್ಲ ಎಂದು ಬರೆದೆ. ಈ ವಾಕ್ಯ ಇರಲೇಬೇಕೆಂದು ಲಲಿತಮ್ಮನ ವಕೀಲರು ಒತ್ತಾಯಿಸಿದರು. ಎದುರಿನವರು ಮುಖ ಸಿಂಡರಿಸಿಯೇ ಸಹಿ ಹಾಕಿದರು.

ಕಲ್ಲಿನ ಅಡಿಯಲ್ಲಿ ಹಿತ್ತಾಳೆಯ ಕುಂಕುಮದ ಭರಣಿ ಸಿಕ್ಕಿತು. ಒಳಗೆ ಕಪ್ಪು ಪುಡಿಯಾದ ಧಾನ್ಯ, ಕಟ್ಟಿಗೆಯಂತೆ ಒಣಗಿದ ಅರಿಸಿನದ ಕೊನೆ, ಎರಡು ನಾಣ್ಯ. ದೊಡ್ಡದು ಬಿಳಿಯದು, ಒಂದು ಕಡೆ ಶಿಲುಬೆ, ಅಂಕಿಯಲ್ಲಿ 6, ಎಸ್ಕುಡೊ ಎಂಬ ಅಕ್ಷರ, ಇಸವಿ 1959. ನಾನು ಗಟ್ಟಿಯಾಗಿ ಓದಿದೆ. ಲಲಿತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿಕ್ಕದು ಹಳದಿ ಲೋಹದ್ದು, ನಮ್ಮದೇ ದೇಶದ್ದು, ಒಂದು ನಯಾ ಪೈಸೆ. ನಾಣ್ಯ ಪದ್ಧತಿ ಬದಲಾಗಿ ರೂಪಾಯಿಗೆ ನೂರು ಪೈಸೆಯಾದಾಗ ಹಳೆಯ ಪೈಸೆಯಿಂದ ಬೇರೆಯೆಂದು ತಿಳಿಯಲು 'ನಯಾ' ಎಂದು ಸೇರಿಸಿದ್ದರು. ಕೆಲವೇ ವರ್ಷಗಳಲ್ಲಿ ಆ ಪದವೂ ಹೋಯಿತು.

ಗೋವಾ ನಾಣ್ಯದ ಜೊತೆ ಇದೇಕೆ ಎಂದು ಎದುರು ವಕೀಲರು ಕೇಳಿದರು. ಉತ್ತರ ಕೊಟ್ಟವರು ಲಲಿತಮ್ಮ.

"ಆರು ಸರಿಸಂಖ್ಯೆ ಅಲ್ವೇನ್ರೀ. ಶುಭಕ್ಕೆ ಸರಿಸಂಖ್ಯೆ ಇಡ್ತಾರಾ? ಅದ್ಕೇ ಅವ್ವ ಒಂದು ಕೂಡ್ಸಿದಾಳೆ. ಆರು ಒಂದು ಏಳು."

ಐವತ್ತರ ಮೇಲೆ ಒಂದು, ನೂರರ ಮೇಲೆ ಒಂದು ಇಟ್ಟು ಮುಯ್ಯಿ ಕೊಡುವ ಕೈ ಅದು. ಗೋವೆಯ ಆರು, ಇಲ್ಲಿಯ ಒಂದು, ಎರಡೂ ಬೇರೆ ದೇಶದ ಹಣ, ಕೂಡಿಸಿದರೆ ಏಳಾಗುವುದಿಲ್ಲ ಎಂಬುದು ಆ ತಾಯಿಗೆ ಬೇಕಾಗಿರಲಿಲ್ಲ. ಚಿಕ್ಕ ನಾಣ್ಯ ಕಂಡಾಗ ಲಲಿತಮ್ಮನ ಮುಖ ಅರಳಿತು ಎಂದು ನನಗೆ ನೆನಪು. ದೊಡ್ಡದು ಅಪ್ಪನದು, ಇದು ಅವ್ವನದು ಎಂಬಂತೆ. ದಿನಚರಿಯಲ್ಲಿ ಇರುವುದು "ನಾಣ್ಯ ಎರಡು" ಎಂದಷ್ಟೇ. ಆ ಅರಳಿದ ಮುಖವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಚಿಕ್ಕ ನಾಣ್ಯಕ್ಕೆ ಕಿಲುಬು ಹಿಡಿದಿತ್ತು. "ಒಂದು ಹಳೆಯ ಪೈಸೆ" ಎಂದು ಬರೆದರೆ ಸಾಕು ಎನ್ನುವಂತೆ ಎರಡೂ ಕಡೆಯ ವಕೀಲರು ಕೊಡೆ ಎತ್ತಿಕೊಂಡು ಹೊರಡಲು ಸಿದ್ಧರಾಗಿದ್ದರು. (ಬಿಸಿಲಿಗೂ ಕೊಡೆ ಹಿಡಿಯುತ್ತಾರೆ, ಮಳೆಯ ನೆನಪು ಬಂದದ್ದು ಇಲ್ಲಿಂದಲೋ ಏನೋ.) ದೊಡ್ಡದರ ಇಸವಿ ಬರೆದಮೇಲೆ ಚಿಕ್ಕದರದ್ದನ್ನು ಬಿಡುವುದು ಹೇಗೆ? ಒದ್ದೆ ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಹಿಡಿದೆ. 1963.

ನನಗೆ ಆ ಕ್ಷಣವೇ ಅರ್ಥವಾಯಿತು. ಬೇರೆ ಯಾರಿಗೂ ಆಗಲಿಲ್ಲ. ಓದಿ ಹೇಳಿದೆ, ಬರೆದೆ, ಸಹಿ ಹಾಕಿಸಿದೆ. ಲಲಿತಮ್ಮ ಎಲ್ಲರಿಗೂ ಮಂಡಕ್ಕಿ, ಚಹಾ ಕೊಟ್ಟರು. ಬಸವರಾಜನೂ ತಿಂದ.

ನ್ಯಾಯಾಲಯದಲ್ಲಿ ಅರ್ಥವಾಯಿತು. 1963ರಲ್ಲಿ ಟಂಕಿಸಿದ ನಾಣ್ಯ 1960ರ ಹೊಸ್ತಿಲ ಕೆಳಗೆ ಇರಲಾರದು. ಆಮೇಲೆ ತೂರಿಸಿದ್ದು ಎನ್ನಲು ದಾರಿಯಿಲ್ಲ. ಹೊಸ್ತಿಲು ಅಲುಗಾಡಿಲ್ಲ ಎಂದು ನಾನೇ ಬರೆದಿದ್ದೆ, ಆಕೆಯ ವಕೀಲರೇ ಬರೆಸಿದ್ದರು. ಅಂದರೆ ಮನೆ ಕಟ್ಟಿದ್ದೇ 1963ರಲ್ಲೋ ಆಮೇಲೆಯೋ. ಅಷ್ಟು ಹೊತ್ತಿಗೆ ಗೋವಾದಲ್ಲಿ ಎಸ್ಕುಡೊ ಇರಲಿಲ್ಲ, ನಿಂಗಪ್ಪ ಊರಿಗೆ ಬಂದು ಅಣ್ಣನ ಜೊತೆ ಒಟ್ಟಿಗಿದ್ದ. ವರದಿಯ ಬಗ್ಗೆ ಎದುರು ವಕೀಲರು ನನ್ನನ್ನು ಸಾಕ್ಷಿಯಾಗಿ ಕರೆದು ಪ್ರಶ್ನಿಸಿದರು.

"ಈ ಎಸ್ಕುಡೊ 1963ರಲ್ಲಿ ಆನವಟ್ಟಿ ಸಂತೆಯಲ್ಲಿ ನಡೆಯುತ್ತಿತ್ತೇ?"

"ಇಲ್ಲ."

"ಗೋವಾದಲ್ಲಿ?"

"ಅಲ್ಲೂ ಇಲ್ಲ."

ಎದುರು ವಕೀಲರು ನ್ಯಾಯಾಧೀಶರ ಕಡೆ ತಿರುಗಿ, "ನಡೆಯುವ ದುಡ್ಡನ್ನು ಗಾರೆಯವರಿಗೆ ಕೊಟ್ಟರು, ಸತ್ತ ದುಡ್ಡನ್ನು ಹೊಸ್ತಿಲಿಗೆ ಕೊಟ್ಟರು. ನಡೆಯುವ ದುಡ್ಡು ಕುರಿ ಮಾರಿದ್ದು, ಸ್ವಾಮಿ" ಎಂದರು. ಚೆನ್ನಾಗಿ ಹೇಳಿದರು ಎಂದು ನನಗೂ ಅನಿಸಿತು.

ಗೋವಾದಿಂದ ಬರುವಾಗ ಉಳಿತಾಯವನ್ನು ರೂಪಾಯಿಗೆ ಬದಲಿಸಿಕೊಂಡು ಬಂದು, ಅದರಿಂದಲೇ ಕಟ್ಟಿಸಿರಬಹುದಲ್ಲ ಎಂದು ಲಲಿತಮ್ಮನ ವಕೀಲರು ವಾದಿಸಿದರು. ಆಗಿರಬಹುದು. ನನ್ನನ್ನು ಕೇಳಿದರೆ ಆಗಿರುವುದೇ ಅದು. ಮನೆಯೊಂದಿಗೆ ತಮ್ಮ ದುಡಿಮೆಯ ಗುರುತನ್ನು ಹೂಳಲು ಗಂಡ ಹೆಂಡತಿಗೆ ಬೇರೆ ಏನು ಕಾರಣವಿತ್ತು? ಆದರೆ ಲಲಿತಮ್ಮನ ಹೇಳಿಕೆಯಲ್ಲಿ ಇದ್ದದ್ದು 1960, ಗೋವಾದಿಂದ ಕಳಿಸಿದ ಹಣ. ನೀನು ಹುಟ್ಟುವ ಹಿಂದಿನ ವರ್ಷ ಕಟ್ಟಿದ್ದು, ನೀನು ಹುಟ್ಟಿದ್ದೇ ಈ ಮನೆಯಲ್ಲಿ ಎಂದು ತಾಯಿ ಹೇಳುತ್ತಿದ್ದರಂತೆ. ಆಕೆ ಹುಟ್ಟಿದ್ದು 1961ರಲ್ಲಿ. ತಾಯಿಯ ನೆನಪು ತಪ್ಪಿತೋ, ಮಗಳ ಸಂತೋಷಕ್ಕೆ ಹಾಗೆ ಹೇಳಿದರೋ, ಈಗ ಕೇಳುವಂತಿಲ್ಲ. ಒಂದು ಇಸವಿ ಸುಳ್ಳಾದ ಮೇಲೆ ಉಳಿದ ಮಾತನ್ನು ನಂಬಲು ಆಧಾರವಿಲ್ಲ ಎಂದಿತು ತೀರ್ಪು. ನಿಂಗಪ್ಪ ಗೋವಾದಲ್ಲಿ ದುಡಿದದ್ದು ನಿಜವೆಂದು ಒಪ್ಪಿತು. ಮನೆ ಒಟ್ಟು ಕುಟುಂಬದ್ದು ಎಂದಿತು. ಕಾನೂನಿನ ಪ್ರಕಾರ ಆ ತೀರ್ಪಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಕಿರಿದಾದ ಮನೆ, ನಡುವೆ ಗೋಡೆ ಎಬ್ಬಿಸಿದರೆ ಯಾರಿಗೂ ಉಪಯೋಗವಿಲ್ಲ. ಪಾಲುದಾರರ ನಡುವೆಯೇ ಹರಾಜಾಯಿತು. ಬಸವರಾಜ ಮತ್ತು ಅವನ ತಮ್ಮಂದಿರು ಹೆಚ್ಚು ಬೆಲೆ ಕೂಗಿ ಮನೆಯನ್ನು ತೆಗೆದುಕೊಂಡರು. ಅರ್ಧ ಹಣ ಲಲಿತಮ್ಮನಿಗೆ ಬಂತು. ಆನವಟ್ಟಿಯ ಆ ಬೀದಿಯಲ್ಲಿ ಮತ್ತೊಂದು ಮುಂಬಾಗಿಲ ಕೋಣೆಗೆ ಅದು ಸಾಲಲಿಲ್ಲ.

ಎರಡು ವರ್ಷದ ಮೇಲೆ ಬೇರೊಂದು ಅಳತೆಯ ಕೆಲಸಕ್ಕೆ ಸೊರಬದ ಕಡೆಯ ಉಳವಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹತ್ತಿರದ ಹಿಟ್ಟಿನ ಗಿರಣಿಯಿಂದ ಯಾರೋ "ವಕೀಲ್ರೇ" ಎಂದು ಕರೆದರು. ಹುಬ್ಬಿನ ಮೇಲೆಲ್ಲ ಹಿಟ್ಟು. ಲಲಿತಮ್ಮ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಯಾರದೋ ಗಿರಣಿಯಲ್ಲಿ ಕೂಲಿಗಿದ್ದರು. ಆರೋಗ್ಯ ಕೇಳಿದರು, ಕೂರಲು ಸ್ಟೂಲ್ ಕೊಟ್ಟರು. ಬೆಲ್ಟಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಎದ್ದು ಹೊರಟಾಗ ಅವರು ಯಂತ್ರ ನಿಲ್ಲಿಸಿದರು.

"ಒಂದು ಮಾತು ಕೇಳ್ಲಾ? ನೀವು ಸುಳ್ಳು ಬರೀಲಿಲ್ಲ. ನಾನೂ ಸುಳ್ಳು ಹೇಳ್ಲಿಲ್ಲ. ಮತ್ತೆ ಮನೆ ಯಾಕ್ರೀ ಹೋತು?"

ನಾನು ಹೊರೆ, ಪುರಾವೆ, ಹೇಳಿಕೆ ಎಂದು ಏನೋ ಶುರು ಮಾಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಅಷ್ಟರಲ್ಲಿ ಯಾರೋ ರಾಗಿ ತಂದರು. ಅವರು ತೂಕಕ್ಕೆ ತಿರುಗಿಕೊಂಡರು.

ನಿಜ ಹೊರಬಂದರೆ ನ್ಯಾಯ ಸಿಗುತ್ತದೆ ಎಂದು ನಂಬಿಕೊಂಡೇ ನಾನು ಈ ವೃತ್ತಿಗೆ ಬಂದದ್ದು. ನಿಜ ಎಂಬುದು ತುಂಡು ತುಂಡಾಗಿ ಸಿಗುತ್ತದೆ, ಸಿಕ್ಕ ತುಂಡಿಗೆ ಮಾತ್ರ ತೂಕವಿರುತ್ತದೆ ಎಂಬುದನ್ನು ಆ ಮನೆ ಕಲಿಸಿತು. ಅಂದಿನಿಂದ ಕಮಿಷನರ್ ಆಗಿ ಎಲ್ಲಿ ಹೋದರೂ, ಅಗೆಯುವ, ಅಳೆಯುವ ಮೊದಲು ಅರ್ಜಿ ಹಾಕಿದವರನ್ನು ಬದಿಗೆ ಕರೆದು ಕೇಳುತ್ತೇನೆ. ಹಾಗೆ ಕೇಳಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಸಿಕ್ಕಿದ್ದು ನಿಮಗೆ ವಿರುದ್ಧವಾಗಿದ್ದರೂ ನಾನು ಬರೆಯಲೇಬೇಕಾಗುತ್ತದೆ, ಈಗಲೂ ಬೇಡ ಎನ್ನಬಹುದು ಎನ್ನುತ್ತೇನೆ. ಅವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಸತ್ಯ ನಮ್ಮ ಕಡೆ ಇದೆ ಸರ್, ತೆಗೀರಿ ಎನ್ನುತ್ತಾರೆ. ಇದುವರೆಗೆ ಒಬ್ಬರೂ ಬೇಡವೆಂದಿಲ್ಲ.