ಅಪ್ಪನ ದನಿ ಇದ್ದ ಫೋಲ್ಡರ್

ಮುಂಬೈ ಹೊರವಲಯದ ಡೊಂಬಿವಲಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದದ್ದು ಹಾಲ್‌ನಲ್ಲಿ, ಅಪ್ಪ ಮಲಗುವ ದಿವಾನದ ಪಕ್ಕ. ನಾನು ರಬಾಳೆಯ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮಗಳು ಏಳುವ ಮೊದಲೇ ಮನೆ ಬಿಟ್ಟು, ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಹೋಗಬೇಕಿತ್ತು. ಹಾಗಾಗಿ ಅವಳನ್ನು ಸಾಕಿದ್ದು ನನ್ನ ಅಪ್ಪ ಅಮ್ಮನೇ.

ಅಪ್ಪ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಒಳಗಿನ ಅಡುಗೆಮನೆಗೆ ಕೇಳುವ ಹಾಗೆ ಆರ್ಡರ್ ಕೂಗಿ ಕೂಗಿ ದನಿ ದೊಡ್ಡದಾಗಿತ್ತು; ಮನೆಯಲ್ಲಿ ಗುಟ್ಟು ಹೇಳಿದರೂ ಎದುರು ಫ್ಲ್ಯಾಟಿನವರಿಗೆ ತಿಳಿಯುತ್ತಿತ್ತು. ಮಗಳಿಗೆ ಅವರು ಕಥೆ ಹೇಳದೆ ಅನ್ನ ಇಳಿಯುತ್ತಿರಲಿಲ್ಲ. ಎಲ್ಲ ತುಳುವಿನಲ್ಲಿ, ಎಲ್ಲ ಅವರೇ ಕಟ್ಟಿದ್ದು. ಬಂಗುಡೆ ಮೀನೊಂದು ಫಾಸ್ಟ್ ಲೋಕಲ್ ಹತ್ತಿ ಟೀಸಿ ಕೈಗೆ ಸಿಕ್ಕಿಬೀಳುವ ಕಥೆ ಅವಳಿಗೆ ಬಹಳ ಇಷ್ಟ. ಅಪ್ಪ ಹೋಟೆಲಿಗೆ ಹೋದ ದಿನ ಊಟಕ್ಕೆ ರಗಳೆ ಆಗಬಾರದೆಂದು ಅಮ್ಮ ಆ ಕಥೆಗಳನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಸಿದ್ದಳು. ನಾನು ಅವಕ್ಕೊಂದು ಫೋಲ್ಡರ್ ಮಾಡಿಕೊಟ್ಟಿದ್ದೆ.

ಮಗಳು ಶಾಲೆಗೆ ಸೇರುವ ಮೊದಲೇ ಅಪ್ಪನ ಗಂಟಲು ಕಟ್ಟಿತು. ಕಷಾಯ ಕುಡಿದರು, ಬಿಸಿನೀರು ಮುಕ್ಕಳಿಸಿದರು. ಕೊನೆಗೆ ತೋರಿಸಿದಾಗ ಡಾಕ್ಟರು ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಅಪ್ಪ ನನಗೆ ಹೇಳಿದ ಮಾತು, "ನನ್ನ ಚಪ್ಪಲಿ ಎತ್ತಿಡು, ಇಲ್ಲಿ ಹೋದ್ರೆ ಸಿಗುದಿಲ್ಲ." ಆ ಗಂಟಲಿನಿಂದ ಬಂದ ಕಡೆಯ ಮಾತು ಅದು.

ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ಉಸಿರು ಅಲ್ಲಿಂದಲೇ ಆಡುವುದರಿಂದ ಪಿಸುಮಾತೂ ಬರುತ್ತಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಸ್ಲೇಟು ತಂದುಕೊಟ್ಟೆವು, ಬರೆಯುವಷ್ಟರಲ್ಲಿ ಮಾತು ಹಳಸಿತು ಎನ್ನುವ ಹಾಗೆ ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತಿದ್ದರು.

ಅಮ್ಮ ಒಂದು ದಿನವೂ ಅತ್ತದ್ದು ನಾನು ನೋಡಲಿಲ್ಲ. "ಕಂಪ್ಯೂಟರಲ್ಲಿ ಉಂಟಲ್ಲ," ಎನ್ನುತ್ತಿದ್ದಳು.

ಕಂಪ್ಯೂಟರ್ ಕೆಟ್ಟದ್ದು ಒಂದು ಭಾನುವಾರ. ಸ್ವಿಚ್ ಹಾಕಿದರೆ ಕಪ್ಪು ಪರದೆ, ಒಳಗಿನಿಂದ ಟಕ್ ಟಕ್ ಸದ್ದು. ಹಾರ್ಡ್‌ಡಿಸ್ಕ್ ಹೋಗುತ್ತಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ಇಂಥದನ್ನು ಆಫೀಸಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಬ್ಯಾಗಿನಲ್ಲಿದ್ದ, ಡಿಸ್ಕ್ ಕೆಟ್ಟರೂ ಕಂಪ್ಯೂಟರ್ ಶುರು ಮಾಡಬಲ್ಲ ಲಿನಕ್ಸ್ ಸೀಡಿ ಹಾಕಿ ಯಂತ್ರವನ್ನು ಹೇಗೋ ಎಬ್ಬಿಸಿ, ಪೆನ್‌ಡ್ರೈವ್ ಸಿಕ್ಕಿಸಿದೆ. ಕಾಪಿ ಮಾಡುವ ಆಜ್ಞೆ ಸಿಪಿ ಎಂದು ಟೈಪ್ ಮಾಡಿ, ಒಳಗಿನ ಫೋಲ್ಡರುಗಳೂ ಬರಲೆಂದು ಒಂದು ಆರ್, ಹೆಸರುಗಳು ಕಾಣಲೆಂದು ಒಂದು ವಿ ಸೇರಿಸಿ, ಕಥೆಗಳ ಫೋಲ್ಡರಿನ ದಾರಿ ಬರೆದು ಎಂಟರ್ ಒತ್ತಿದೆ.

ಆ ಆಜ್ಞೆ ಎಷ್ಟು ಉಳಿದಿದೆ, ಎಷ್ಟು ಹೊತ್ತಾದೀತು ಎಂದು ಏನೂ ಹೇಳುವುದಿಲ್ಲ. ಕೈಗೆತ್ತಿಕೊಂಡ ಫೈಲಿನ ಹೆಸರು ಮಾತ್ರ ಬರೆಯುತ್ತದೆ. ಮೊದಲ ಹೆಸರು ಬಂತು, ಅಲ್ಲೇ ನಿಂತಿತು. ಟಕ್ ಟಕ್. ಬಹಳ ಹೊತ್ತಿನ ಮೇಲೆ ಓದಲಾಗಲಿಲ್ಲ ಎಂಬ ಎರರ್ ಸಾಲು. ನಂತರ ಇನ್ನೊಂದು ಹೆಸರು.

ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಂತಳು. "ಏನಾಯ್ತು?"

"ಕಾಪಿ ಆಗ್ತಾ ಉಂಟಮ್ಮ."

"ನೀನೇನೂ ಮಾಡ್ತಾ ಇಲ್ವಲ್ಲ?"

"ಮಾಡ್ಲಿಕ್ಕೆ ಏನೂ ಇಲ್ಲ. ಕಾಯ್ಬೇಕು."

"ದಿನಾ ಆಫೀಸಲ್ಲಿ ಇದೇ ಮಾಡೂದಲ್ವಾ ನೀನು?"

ಹೌದು, ಇದೇ. ಅಲ್ಲಿ ಒಂದು ಡಿಸ್ಕ್ ಹೋದರೆ ಅದರ ಪ್ರತಿ ಇನ್ನೊಂದರಲ್ಲಿ ಇರುತ್ತಿತ್ತು.

ದಿವಾನದ ಮೇಲಿಂದ ಅಪ್ಪ ಏನೋ ಹೇಳತೊಡಗಿದರು. ತಿರುಗಿ ನೋಡಿದೆ. ತುಟಿ ಆಡುತ್ತಿದೆ, ಅರ್ಥವಾಗಲಿಲ್ಲ.

"ನೀರಾ?" ತಲೆಯಾಡಿಸಿದರು, ಅಲ್ಲ.

"ಫ್ಯಾನಾ?" ಅಲ್ಲ.

ಮತ್ತೆ ಅದನ್ನೇ ಹೇಳಿದರು, ನಿಧಾನವಾಗಿ, ಕಿವುಡಿಗೆ ಹೇಳುವ ಹಾಗೆ. ಆಗಲೂ ತಿಳಿಯಲಿಲ್ಲ. ಕೈ ಬೀಸಿ ಗೋಡೆಯ ಕಡೆ ಹೊರಳಿದರು. ಪರದೆಯ ಮೇಲೆ ಮತ್ತೊಂದು ಹೆಸರು ಮೂಡಿತು.

ಅಷ್ಟರಲ್ಲಿ ಲೈಟು ಹೋಯಿತು. ಆ ವರ್ಷಗಳಲ್ಲಿ ಡೊಂಬಿವಲಿ, ಕಲ್ಯಾಣದಲ್ಲಿ ಲೋಡ್‌ಶೆಡ್ಡಿಂಗ್ ಇಲ್ಲದ ದಿನ ಅಪರೂಪ, ಭಾನುವಾರವಾದರೂ ಕರೆಂಟ್ ತೆಗೆಯುವುದಿಲ್ಲವೆಂದು ನಂಬಿದ್ದೆ. ಕರೆಂಟ್ ಬಂದ ಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಯಂತ್ರಕ್ಕೆ ಆ ಡಿಸ್ಕ್ ಇದೆಯೆಂದೇ ಗೊತ್ತಾಗಲಿಲ್ಲ. ಮರುದಿನ ಠಾಣೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಬಿಚ್ಚಿ ನೋಡಿದವರು, "ಮ್ಯಾಡಮ್, ಪ್ಲೇಟ್ ಪೇ ಸ್ಕ್ರ್ಯಾಚ್ ಹೈ. ಛೋಡ್ ದೋ," ಎಂದು, ಒಳಗಿನ ತಟ್ಟೆಗೇ ಗೀರು ಬಿದ್ದ ಡಿಸ್ಕನ್ನು ವಾಪಸು ಕೊಟ್ಟರು.

ಪೆನ್‌ಡ್ರೈವಿನಲ್ಲಿ ಕೆಲವು ಹೆಸರುಗಳಿದ್ದವು. ತೆರೆದರೆ ಹೆಚ್ಚಿನವು ಖಾಲಿ. ಒಂದೇ ಒಂದು ಕೇಳಿಸಿತು. ಬಂಗುಡೆಯ ಕಥೆಯಲ್ಲ, ಅಪ್ಪ ಕಥೆ ಶುರು ಮಾಡುವ ಮೊದಲು ಅಮ್ಮನೊಂದಿಗೆ ಜಗಳಾಡುತ್ತಿರುವುದು. "ಇದರಲ್ಲಿ ಎಲ್ಲಿ ನೋಡಿ ಮಾತಾಡ್ಬೇಕು? ಜನವೇ ಇಲ್ಲ ಎದುರು!" ಹಿಂದೆ ಕುಕ್ಕರ್ ಸೀಟಿ, ಅಮ್ಮನ ನಗು. ಅಲ್ಲಿಗೆ ಕತ್ತರಿಸಿತು.

ಅದನ್ನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹಾಕಿ ಮನೆಯಲ್ಲಿ ಕೇಳಿಸಿದೆ. ಅಪ್ಪನಿಗೆ ಖುಷಿಯಾದೀತು ಎಂದುಕೊಂಡಿದ್ದೆ. ತಮ್ಮ ದನಿ ಹೊರಟದ್ದೇ ಅವರು ಎದ್ದು ಕೂತರು. ಒಂದು ಕೈ ಕುತ್ತಿಗೆಯ ಬಟ್ಟೆಗೆ ಹೋಯಿತು. ಇನ್ನೊಂದು ಕೈ ನನ್ನ ಕಡೆ ಚಾಚಿ, ಸಾಕು ಎಂದರು. ಆ ತುಟಿಯಾಟ ಮಾತ್ರ ನನಗೆ ಸ್ಪಷ್ಟವಾಗಿ ತಿಳಿಯಿತು. ನಿಲ್ಲಿಸಿದೆ.

"ಇನ್ನೊಂದು ಸಲ ಹಾಕು," ಎಂದಳು ಅಮ್ಮ.

ಅಪ್ಪ ಬಾಲ್ಕನಿಗೆ ಹೋಗಿ ನಿಂತರು. ನಾನು ಅಮ್ಮನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಆ ಫೈಲನ್ನು ಅವಳ ಮೊಬೈಲಿಗೂ ಹಾಕಿದೆ; ಅಂದಿನಿಂದ ಅವಳು ಕೇಳಬೇಕೆಂದಾಗಲೆಲ್ಲ ಅಡುಗೆಮನೆಗೆ ಹೋಗಿ ಕದ ಓರೆ ಮಾಡಿಕೊಳ್ಳುತ್ತಿದ್ದಳು.

ಅಪ್ಪ ಇನ್ನೂ ಕೆಲವು ವರ್ಷ ಬದುಕಿದರು. ಅವರ ತುಟಿ ಓದಲು ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ನನ್ನ ಮಗಳು. ಅವರು ಸದ್ದಿಲ್ಲದೆ ತುಳುವಿನಲ್ಲಿ ಕೇಳುತ್ತಿದ್ದರು, ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಇಬ್ಬರ ನಡುವೆ ನನ್ನ ಅಗತ್ಯ ಬೀಳುತ್ತಿರಲಿಲ್ಲ.

ಅವರು ತೀರಿಕೊಂಡ ಮೇಲೆ, ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದಾಗ, ಆ ಫೈಲನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಸ್ವಲ್ಪ ಕೇಳಿ ತಲೆಯೆತ್ತಿದಳು.

"ಮಮ್ಮಿ, ಯೇ ಕೌನ್ ಹೈ?"

"ಅಜ್ಜ."

ಮತ್ತೊಮ್ಮೆ ಕೇಳಿದಳು. "ನಹೀ," ಎಂದಳು ಮೆಲ್ಲಗೆ, "ಅಜ್ಜ ಹೀಗೆ ಮಾತಾಡ್ತಾ ಇರ್ಲಿಲ್ಲ."

ಫೋನು ಕೆಳಗಿಟ್ಟು, ಸದ್ದಿಲ್ಲದೆ ತುಟಿ ಮಾತ್ರ ಆಡಿಸಿ ತೋರಿಸಿದಳು.