ಬಿಳಿ ಟೇಪಿನ ಹಿಂದೆ

ನನ್ನ ಅಕ್ಕ ಹಾಡುವುದನ್ನು ಬಿಟ್ಟು ಹನ್ನೆರಡು ವರ್ಷವಾಯಿತು. ಬಿಡಿಸಿದವಳು ನಾನು. ಇದನ್ನು ಅವಳೆದುರು ಒಪ್ಪಿಕೊಳ್ಳಲು ನನಗೆ ಅಷ್ಟೂ ವರ್ಷ ಬೇಕಾದವು.

ಅಪ್ಪ ವಿಜಯಪುರದಿಂದ ಪುಣೆಗೆ ಗುಮಾಸ್ತರಾಗಿ ಬಂದವರು. ಹಳೇ ಪೇಟೆಯ ವಾಡೆಯೊಂದರಲ್ಲಿ ನಮ್ಮದು ಎರಡು ಕೋಣೆಯ ಸಂಸಾರ. ಅಕ್ಕ ಹಾಡು ಕಲಿತಳು. ನನಗೆ ಕಂಠ ಒಲಿಯಲಿಲ್ಲ, ಹಾಗಾಗಿ ತಂಬೂರಿ ನನ್ನ ಪಾಲಿಗೆ ಬಂತು. ಅವಳು ಹಾಡುತ್ತಿದ್ದದ್ದೆಲ್ಲ ಪರಿಚಯದವರ ಮನೆಗಳಲ್ಲಿ, ಜಮಖಾನೆಯ ಮೇಲೆ. ಕೇಳುವವರು ಒಂದು ಮೊಳ ದೂರದಲ್ಲಿ ಕೂತಿರುತ್ತಿದ್ದರು. ತಲೆದೂಗಿದವರೂ ಕಾಣುತ್ತಿದ್ದರು, ಆಕಳಿಸಿದವರೂ ಕಾಣುತ್ತಿದ್ದರು. ಅಕ್ಕ ಆಕಳಿಸಿದವರ ಕಡೆಗೇ ತಿರುಗಿ, ಕಣ್ಣಲ್ಲೇ ನಗುತ್ತ, ಅವರು ನೆಟ್ಟಗೆ ಕೂರುವವರೆಗೆ ಬಿಡುತ್ತಿರಲಿಲ್ಲ. ನಾನು ಅವಳ ಬೆನ್ನಿಗೆ ಅಂಟಿಕೊಂಡ ಹಾಗೆ ಕೂತು ತಂತಿ ಮೀಟುತ್ತಿದ್ದೆ. ತಂಬೂರಿಯ ಬುರುಡೆ ಅವಳ ಸೊಂಟಕ್ಕೆ ತಾಗುತ್ತಿತ್ತು. ಅವಳು ಹೆದರಿದ್ದನ್ನು ನಾನು ಕಂಡಿದ್ದೇ ಇಲ್ಲ.

ದೊಡ್ಡ ಸಭಾಗೃಹದ ಹುಚ್ಚು ನನ್ನದು. ಬ್ಯಾಂಕಿನ ನನ್ನ ಗೆಳತಿಯರೆಲ್ಲ ಬಂದು ಮೆತ್ತನೆಯ ಕುರ್ಚಿಯಲ್ಲಿ ಕೂತು ಅಕ್ಕನನ್ನು ಕೇಳಬೇಕು ಎಂದು ಆಸೆ. ಪುಣೆಯ ಅಂಚಿನ ಖರಾಡಿಯಲ್ಲಿ ಹೊಸದಾಗಿ ಎದ್ದ ಒಂದು ಸಭಾಗೃಹದಲ್ಲಿ ಸಂಜೆಯ ಕಛೇರಿ ಗೊತ್ತು ಮಾಡಿ ಬಂದವಳೂ ನಾನೇ. ಹಿಂದಿನ ದಿನ ಅವಳನ್ನು ವೇದಿಕೆ ತೋರಿಸಲು ಕರೆದೊಯ್ದೆ. ಎದೆಮಟ್ಟದ ವೇದಿಕೆ, ಸುತ್ತ ಕಪ್ಪು ಗೋಡೆ. ಮೊದಲ ಸಾಲಿಗೂ ವೇದಿಕೆಗೂ ನಡುವೆ ಒಂದು ರಿಕ್ಷಾ ತಿರುಗಿಸುವಷ್ಟು ಜಾಗ. ಅಕ್ಕ ನಡುಮಧ್ಯೆ ನಿಂತು ಷಡ್ಜ ಹಿಡಿದಳು. ದನಿ ಹಿಂದಿನ ಗೋಡೆಯವರೆಗೆ ಹೋಗಿ, ಸ್ವಲ್ಪ ತಡೆದು, ಮರಳಿ ಬಂತು.

"ಇಲ್ಲಿ ನಂದು ನನಗ ಕೇಳೂದಿಲ್ಲಲ್ಲ. ಮಂದಿ ಮಾರಿನೂ ಕಾಣೂದಿಲ್ಲ," ಅಂದಳು. "ಮಂದಿ ಕೂಡೂ ಕಡೆ ದೀಪರೆ ಆರಸಬ್ಯಾಡ್ರಿ ಅಂತ ಹೇಳು ಅವರಿಗೆ."

"ಕುಣಿಲಾರದಾಕಿ ನೆಲ ಡೊಂಕು ಅಂದಳಂತ," ಅಂದೆ ನಾನು. "ದೊಡ್ಡವರೆಲ್ಲಾ ಇಂಥಾದ್ರಾಗ ಹಾಡ್ತಾರ. ನೀನೂ ರೂಢಿ ಮಾಡ್ಕೊ."

ಅವಳು ನಕ್ಕಳು. ನನ್ನ ನಾಲಿಗೆಗೆ ಎಲುಬಿಲ್ಲ ಎನ್ನುವುದು ಅವಳಿಗೆ ಹೊಸದಲ್ಲ. ದೀಪದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಕಿನವನು ನೆಲದ ಮೇಲೆ ಬಿಳಿ ಟೇಪು ಅಂಟಿಸಿದ್ದ. ಹಾಡುವವಳಿಗೆ ಒಂದು ಗುರುತು, ಅದಕ್ಕೆ ನಾಲ್ಕು ಅಡಿ ಹಿಂದೆ ತಂಬೂರಿಗೆ ಇನ್ನೊಂದು. "ತಾಈ, ಟೇಪಚ್ಯಾ ಮಾಗೇಚ ಬಸಾ," ಅಂದ. ಟೇಪಿನ ಹಿಂದೆಯೇ ಕೂರಬೇಕು, ಮುಂದೆ ಬಂದರೆ ತಂಬೂರಿಯ ನೆರಳು ಅಕ್ಕನ ಮೇಲೆ ಬಿದ್ದು ಫೋಟೊ ಕೆಡುತ್ತದಂತೆ. ಬ್ಯಾಂಕಿನಲ್ಲಿ ಮ್ಯಾನೇಜರಿಗೇ ಎದುರಾಡುತ್ತಿದ್ದ ನಾನು ಇಲ್ಲಿ ತೆಪ್ಪಗೆ ಟೇಪಿನ ಹಿಂದೆ ಕೂತೆ.

ಅಕ್ಕ ಎತ್ತಿಕೊಂಡದ್ದು ಮಾರವಾ, ಹೊತ್ತು ಮುಳುಗುವಾಗಿನ ರಾಗ. ಅದರಲ್ಲಿ ಹಾಡುವವರು ಷಡ್ಜವನ್ನು ತಪ್ಪಿಸುತ್ತ ತಪ್ಪಿಸುತ್ತ ಹೋಗಬೇಕು. ಬಾಯಲ್ಲಿ ಇಲ್ಲದ ಷಡ್ಜ ತಂಬೂರಿಯಲ್ಲಿ ಇರುತ್ತದೆ, ಆ ಭರವಸೆಯ ಮೇಲೆಯೇ ಆ ರಾಗ ನಿಂತಿದೆ. ನಾಲ್ಕು ಅಡಿ ಹಿಂದಿನ ನನ್ನ ತಂಬೂರಿ ಅವಳಿಗೆ ಕೇಳಿಸಲಿಲ್ಲ. ಕಾಲ ಬಳಿ ಇಟ್ಟಿದ್ದ ಸ್ಪೀಕರಿನಲ್ಲಿ ಬರೀ ತಬಲಾ ಬಡಿಯುತ್ತಿತ್ತು. ಹಾರ್ಮೋನಿಯಂ ಪೇಟಿಯವರು ಅವಳನ್ನೇ ಹಿಂಬಾಲಿಸುವವರು, ಅವಳು ದಾರಿ ತಪ್ಪಿದರೆ ಅವರೂ ತಪ್ಪಿದ ಹಾಗೆಯೇ. ಎದುರಿಗೆ ನೋಡಿದರೆ ಕಣ್ಣು ಕುಕ್ಕುವ ಬೆಳಕು, ಅದರಾಚೆ ಕತ್ತಲೆ. ನೋಡಲು ಒಂದು ಮುಖವಿಲ್ಲ.

ಆಗ ಅವಳ ಎಡಗೈ ಹಿಂದಕ್ಕೆ ಬಂತು. ತಂಬೂರಿಯ ಬುರುಡೆಗಾಗಿ ನೆಲವನ್ನು ತಡಕಾಡಿತು. ಸಿಗಲಿಲ್ಲ. ಮತ್ತೊಮ್ಮೆ ತಡಕಾಡಿತು. ನಾನು ಎಲ್ಲವನ್ನೂ ನೋಡುತ್ತಿದ್ದೆ. ಕೂತಲ್ಲಿಂದಲೇ ಸರಿದುಕೊಂಡು ಹೋಗಬಹುದಿತ್ತು. ಒಮ್ಮೆ ಟೇಪಿನ ಕಡೆ ನೋಡಿದೆ, ಒಮ್ಮೆ ಬೆಳಕಿನವನು ನಿಂತ ಮೂಲೆಯ ಕಡೆ ನೋಡಿದೆ, ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಹಾಡನ್ನು ಅರ್ಧಕ್ಕೇ ಬಿಟ್ಟು, ಸಭೆಗೆ ಕೈಮುಗಿದು ಎದ್ದು ಒಳಗೆ ನಡೆದಳು.

"ನನ್ನ ಕಿವಿ ಹೋತು," ಅಂದಳು ಒಳಗೆ. "ಸ್ವರನ ಸಿಗವಲ್ತು ನನಗ."

"ಅಂಜಿಕಿ ಅಷ್ಟ, ಹೋಗ್ತದ ಬಿಡು," ಅಂದೆ. ಬಂದವರೂ ಅದನ್ನೇ ಅಂದರು, ಪಾಪ, ದೊಡ್ಡ ವೇದಿಕೆ, ಹೆದರಿಬಿಟ್ಟಳು ಎಂದು. ಆ ಮಾತು ನನ್ನನ್ನು ಕಾಪಾಡಿತು, ನಾನು ಅದನ್ನು ಹಾಗೇ ಇರಲು ಬಿಟ್ಟೆ. ಮುಂದಿನ ಗಣಪತಿ ಹಬ್ಬಕ್ಕೆ ಒಬ್ಬರ ಮನೆಯಿಂದ ಕರೆ ಬಂದಾಗ ಅಕ್ಕ ಆರಾಮಿಲ್ಲ ಅಂದಳು. ಅದರ ಮುಂದಿನ ವರ್ಷವೂ ಅಂದಳು. ಆಮೇಲೆ ಯಾರೂ ಕರೆಯಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅವಳ ಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದೆವು. ಯಾಕೆ ಅವತ್ತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿತ್ತು. ಟೇಪು, ನೆರಳು, ಅವಳ ಕೈ, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಅಂದ್ರ ಕಿವಿ ಸರೀನ ಇತ್ತು?" ಅಂದಳು.

"ಇತ್ತಕ್ಕಾ. ತಂಬೂರಿನ ಕೇಳ್ತಿರಲಿಲ್ಲ ನಿನಗ."

ಅವಳು ಸೊಪ್ಪು ಬಿಟ್ಟು, ಕೈ ಒರೆಸಿಕೊಂಡು, ನೆಟ್ಟಗೆ ಕೂತು ಷಡ್ಜ ಹಿಡಿದಳು. ಅರವತ್ತೆರಡರ, ಹನ್ನೆರಡು ವರ್ಷ ದುಡಿಯದ ಕಂಠ. ದನಿ ಎದ್ದು, ನಡುಗಿ, ಒಡೆಯಿತು. ಇನ್ನಷ್ಟು ಕೆಳಗಿನಿಂದ ಹಿಡಿದು ನೋಡಿದಳು. ಅಲ್ಲೂ ನಿಲ್ಲಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಮಾತ್ರ ತನ್ನ ಪಾಲಿನ ಮೆಂತ್ಯೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು.

"ಅವತ್ತ ಒಳಗ ಬಂದಾಗ ಇಷ್ಟು ಹೇಳಿದ್ದಿ ಅಂದ್ರ," ಅಂದಳು, ಸಿಟ್ಟಿಲ್ಲದೆ, "ಮರುವಾರನ ಎಲ್ಲ್ಯರೆ ಹಾಡ್ತಿದ್ನಲ್ಲ ನಾ."